ಗೋಡೆಗೆ ಸಂದ ಅಟ್ಟದ ಕೀರ್ತಿ

ಹಳೆಯ ಮನೆಗಳನ್ನು ಕುರಿತು ಈಚೆಗೆ ಹೇರಳವಾಗಿ ಪ್ರಕಟವಾಗುತ್ತಿರುವ ಪ್ರಶಂಸಾಲೇಖನಗಳಲ್ಲೆಲ್ಲ ಒಂದು ಮಾತು ತಪ್ಪದೆ ಪುನರುಕ್ತವಾಗುತ್ತದೆ: ಮಣ್ಣಿನ ಗೋಡೆ ಉಸಿರಾಡುತ್ತದೆ, ಆದಕಾರಣ ನಮ್ಮ ಹಿರಿಯರ ಮನೆಗಳಲ್ಲಿ ಬೂಷ್ಟು ಹಿಡಿಯುತ್ತಿರಲಿಲ್ಲ. ಬರೆದವರು ಸಜ್ಜನರು, ಅವರ ಆಶಯವೂ ಶ್ಲಾಘ್ಯವಾದದ್ದೇ. ಆದರೆ ದಬ್ಬೇಘಟ್ಟದ ಸುತ್ತಣ ಊರುಗಳಲ್ಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಹೆಂಚಿನ ಮನೆಗಳೊಳಗೆ ತಲೆಯೆತ್ತಿ ನೋಡಿದವರು ಯಾರೂ ಈ ಮಾತನ್ನು ಇಷ್ಟು ಸಲೀಸಾಗಿ ಬರೆಯಲಾರರು. ಅಲ್ಲಿ ಮನೆಯನ್ನು ಒಣಗಿಸಿಟ್ಟದ್ದು ಅಟ್ಟ. ಕೀರ್ತಿ ಸಂದದ್ದು ಮಾತ್ರ ಗೋಡೆಗೆ.

ಅಟ್ಟವೆಂದರೆ ಏನು, ಅದರ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿ ಒಣಗಿ ಆಗುವ ಉಂಡೆಕೊಬ್ಬರಿಯೆಂದರೆ ಏನು ಎಂಬುದನ್ನು ಈ ಸೀಮೆಯ ಓದುಗರಿಗೆ ವಿವರಿಸಬೇಕಾದುದಿಲ್ಲ. ವಿವರಿಸಬೇಕಾದದ್ದು ಅಟ್ಟದ ನೆಲವನ್ನು; ಏಕೆಂದರೆ ಅರಳಗುಪ್ಪೆಯ ಚೆನ್ನಕೇಶವನ ಗುಡಿಯ ಮುಂದೆ ನಿಂತು ಒಂದೊಂದು ಶಿಲ್ಪಪಟ್ಟಿಕೆಯನ್ನೂ ಬಣ್ಣಿಸಬಲ್ಲ ನಮ್ಮ ರಸಜ್ಞರಲ್ಲಿ ಒಬ್ಬರಾದರೂ ಅಟ್ಟದ ನೆಲದ ಸಂದುಗಳನ್ನು ಕುರಿತು ನಾಲ್ಕು ಸಾಲು ಬರೆದುದನ್ನು ನಾನು ಕಂಡಿಲ್ಲ. ತೊಲೆಗಳ ಮೇಲೆ ಅಡಕೆಮರದ ಸೀಳುಗಳನ್ನೋ ಬಿದಿರಗಳುಗಳನ್ನೋ ಮರದ ರೀಪುಗಳನ್ನೋ ಒಂದರ ಪಕ್ಕದಲ್ಲಿ ಒಂದರಂತೆ, ಆದರೆ ಒಂದಕ್ಕೊಂದು ತಾಗದಂತೆ ಹಾಸಿ ಮಾಡಿದ ಈ ನೆಲದಲ್ಲಿ ಮುಖ್ಯವಾದದ್ದು ಹಾಸಿದ ಮರವಲ್ಲ, ಹಾಸದೆ ಬಿಟ್ಟ ಸಂದು. ಸಂದು ಅಗಲವಾದರೆ ಸಿಪ್ಪೆ ಸಹಿತವಾದ ಕಾಯಿಯ ಭಾರಕ್ಕೆ ಸೀಳು ಬಾಗಿ ಕಾಯಿ ಕೆಳಗಿಳಿಯುತ್ತದೆ. ಕಿರಿದಾದರೆ ನಾರೂ ಧೂಳೂ ತುಂಬಿ ಗಾಳಿ ನಿಲ್ಲುತ್ತದೆ, ಗಾಳಿ ನಿಂತಲ್ಲಿ ತಳದ ಸಾಲಿನ ಕಾಯಿ ಒಳಗೊಳಗೇ ಕೊಳೆಯುತ್ತದೆ. ಈ ಎರಡು ಅಪಾಯಗಳ ನಡುವಣ ಅಳತೆಯನ್ನು ಯಾವ ಇಂಜಿನಿಯರನೂ ಬರೆದುಕೊಟ್ಟಿಲ್ಲ. ಕೆಟ್ಟ ಕೊಬ್ಬರಿಯ ನಷ್ಟವನ್ನು ತಲೆಮಾರುಗಟ್ಟಲೆ ಅನುಭವಿಸಿದ ಒಕ್ಕಲುಮಕ್ಕಳ ಕಣ್ಣಳತೆ ಅದು.

ಆ ಸಂದಿನಲ್ಲಿ ನಡೆಯುವ ವ್ಯಾಪಾರವನ್ನು ಕೊಂಚ ಸಾವಧಾನವಾಗಿ ಪರಿಶೀಲಿಸೋಣ. ಒಲೆಯ ಶಾಖದಿಂದಲೂ ಜನರ ಉಸಿರಿನಿಂದಲೂ ಬಚ್ಚಲ ಹಂಡೆಯ ಹಬೆಯಿಂದಲೂ ಬೆಚ್ಚಗಾಗಿ ಹಗುರವಾದ ಗಾಳಿ ಮೇಲಕ್ಕೇರುತ್ತದೆ; ಏರಿದ್ದು ಸಂದುಗಳ ಮೂಲಕ ಕಾಯಿಗಳ ನಡುವೆ ನುಸುಳುತ್ತದೆ; ನುಸುಳಿದ್ದು ಬಿಸಿಲಿಗೆ ಕಾದ ಹೆಂಚಿನ ಕೆಳಗೆ ಮತ್ತಷ್ಟು ಹಗುರವಾಗಿ, ಮಳೆಯ ಹನಿಯನ್ನು ಒಳಬಿಡದ, ಗಾಳಿಯನ್ನು ಮಾತ್ರ ಹೊರಬಿಡುವ ಹೆಂಚಿನ ಮಡಿಕೆಗಳಿಂದ ಪಾರಾಗುತ್ತದೆ. ಅದರ ಸ್ಥಾನವನ್ನು ತುಂಬಲು ಕಿಂಡಿಗಳಿಂದಲೂ ಬಾಗಿಲಿನಿಂದಲೂ ಹೊಸಗಾಳಿ ಒಳಬರುತ್ತದೆ. ಒಲೆಯ ಹೊಗೆಯೂ ಇದೇ ದಾರಿಯಲ್ಲಿ ಹೋಗುತ್ತ, ಹುಳುವಿಗೂ ಬೂಷ್ಟಿಗೂ ಪ್ರತಿಕೂಲವಾದ ಲೇಪವೊಂದನ್ನು ಮರಕ್ಕೆ ಬಳಿಯುತ್ತ ಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಎಂಟರಿಂದ ಹನ್ನೆರಡು ತಿಂಗಳ ಪರ್ಯಂತ ಅಟ್ಟದ ಮೇಲೆ ಕೂತ ಕಾಯಿಯೇ ತೇವದ ಮೂಲವಲ್ಲವೆ? ಅಹುದು; ಅಟ್ಟದ ಹಿರಿಮೆ ಇರುವುದೇ ಅಲ್ಲಿ. ಕಾಯಿಯೊಳಗಿನ ನೀರೆಲ್ಲ ಇಂಗಿ, ತಿರುಳಿನ ತೂಕದಲ್ಲಿ ಸರಿಸುಮಾರು ಅರ್ಧದಷ್ಟಿದ್ದ ನೀರು ಶೇಕಡ 6-7ಕ್ಕೆ ಇಳಿದು, ಗಿಟುಕು ಕರಟದಿಂದ ಬಿಡಿಸಿಕೊಂಡು ಅಲ್ಲಾಡಿಸಿದರೆ ಸದ್ದು ಮಾಡುವ ಹೊತ್ತಿಗೆ, ಒಂದು ಕಾಯಿ ಕಾಲು ಲೀಟರಿನಷ್ಟು ನೀರನ್ನಾದರೂ ಗಾಳಿಗೆ ಒಪ್ಪಿಸಿರುತ್ತದೆ. 5,000 ಕಾಯಿಗಳ ಅಟ್ಟವೆಂದರೆ 1,250 ಲೀಟರು. ಹತ್ತು ತಿಂಗಳಿಗೆ ಹಂಚಿದರೆ ದಿನವೊಂದಕ್ಕೆ ಸುಮಾರು 4 ಲೀಟರು. ಸಂಸಾರದ ಅಡಿಗೆ, ಸ್ನಾನ, ಉಸಿರುಗಳಿಂದ ಹುಟ್ಟುವ ತೇವದ ಮೇಲೆ ಈ ಹೆಚ್ಚಿನ ಹೊರೆಯನ್ನೂ ಹೊತ್ತು, ಎರಡನ್ನೂ ಒಂದೇ ದಾರಿಯಿಂದ ಹೊರಗೆ ಸಾಗಿಸಿ, ಕೆಳಗೆ ಮಲಗಿದವರ ಹಾಸಿಗೆಯನ್ನೂ ಮೇಲಣ ಕೊಬ್ಬರಿಯನ್ನೂ ಮುಗ್ಗದಂತೆ ಕಾಪಾಡಿದ ರಚನೆಗೆ ನಮ್ಮ ವಾಸ್ತುವಿಮರ್ಶೆಯಲ್ಲಿ ದೊರೆತಿರುವುದು ಸರಕು ತುಂಬುವ ಸ್ಥಳವೆಂಬ ಒಂದು ಅಡಿಟಿಪ್ಪಣಿ.

ಈಗ ಗೋಡೆಯ ಭಕ್ತರ ವಿಚಾರ. ಮಣ್ಣಿನ ಗೋಡೆಗೆ ಗುಣವಿಲ್ಲವೆಂದು ನಾನು ಹೇಳುತ್ತಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದು ಹೀರುತ್ತದೆ, ಕಡಮೆಯಾದಾಗ ಬಿಡುತ್ತದೆ. ಸಿಮೆಂಟಿನ ಗೋಡೆಗಿಂತ ಈ ಶಕ್ತಿ ಅದಕ್ಕೆ ಬಹಳ ಹೆಚ್ಚು. ಆದರೆ ಹೀರುವುದು ಬೇರೆ, ಹೊರಹಾಕುವುದು ಬೇರೆ. ಮಣ್ಣಿನ ಗೋಡೆ ತೇವಕ್ಕೆ ತಂಗುದಾಣವೇ ವಿನಾ ನಿರ್ಗಮನದ್ವಾರವಲ್ಲ. ಈ ಸೀಮೆಯಲ್ಲಿ ಮಳೆಯ ಭರ ಸೆಪ್ಟೆಂಬರು ಅಕ್ಟೋಬರುಗಳಲ್ಲಿ; ಆಗ ವಾರಗಟ್ಟಲೆ ಸೋನೆ ಹಿಡಿದು ಹೊರಗಿನ ಗಾಳಿಯೂ ಒದ್ದೆಯಾಗಿರುವಾಗ, ಹೀರಿ ಹೀರಿ ತುಂಬಿದ ಗೋಡೆ ಬಿಡುವುದಾದರೂ ಎಲ್ಲಿಗೆ? ಇರಚಲು ಬಡಿದ ಮಣ್ಣುಗೋಡೆಯ ಬುಡ ಕರಗಿ ಕುಸಿದದ್ದನ್ನೂ, ನೆಲದ ತೇವ ಮೇಲೇರಿ ಉಪ್ಪು ಬಿಟ್ಟದ್ದನ್ನೂ ಕಂಡ ಹಿರಿಯರೇ ಗೋಡೆಯನ್ನು ನಂಬದೆ, ಬುಡಕ್ಕೆ ಕಲ್ಲು ಕಟ್ಟಿ, ಮೇಲೆ ಸೂರನ್ನು ಎರಡು ಮೂರು ಅಡಿ ಮುಂದಕ್ಕೆ ಚಾಚಿದರು. ಅವರಿಗೆ ಇಲ್ಲದ ನಂಬಿಕೆ ಈ ಲೇಖಕರಿಗೆ ಎಲ್ಲಿಂದ ಬಂದಿತು?

ಬಂದದ್ದು ನಮ್ಮ ಹಿರಿಯರಿಂದಲ್ಲವೆಂದೇ ನನ್ನ ಗುಮಾನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯೂನಿಕ್ ನಗರದ ಆರೋಗ್ಯಶಾಸ್ತ್ರಜ್ಞ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರನು ಗೋಡೆಯ ಮೂಲಕ ಕೋಣೆಯ ಗಾಳಿ ವಿನಿಮಯವಾಗುತ್ತದೆಂದು ಪ್ರತಿಪಾದಿಸಿದ. ಗಿಲಾವು ಮಾಡಿದ ಗೋಡೆಯಿಂದ ಹಾಯುವ ಗಾಳಿ ನಗಣ್ಯವೆಂದು ಮುಂದಿನ ಪ್ರಯೋಗಗಳು ತೋರಿಸಿದವು. ವಿಜ್ಞಾನ ಕೈಬಿಟ್ಟ ಈ ಕಲ್ಪನೆ ಯೂರೋಪಿನ ಜನಪ್ರಿಯ ಬರಹಗಳಲ್ಲಿ ಉಳಿದು, ಅಲ್ಲಿಂದ ನಮ್ಮವರ ಲೇಖನಿಗೆ ಇಳಿದು, ಇಂದು ದೇಶೀಯ ಜ್ಞಾನವೆಂಬ ಹೆಸರಿನಲ್ಲಿ ಮೆರೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯ ಮೇಲೆ ನಡೆಸಿದ ಕಾರ್ಯಕ್ಕೆ ನಾನು ತಲೆಬಾಗುತ್ತೇನೆ. ನನ್ನ ಕಲಹ ಇಟ್ಟಿಗೆಯೊಡನಲ್ಲ. ಮಣ್ಣಿನ ಗೋಡೆ ಕಟ್ಟಿಸಿ, ಅದರ ಮೇಲೆ ಸಂದಿಲ್ಲದ ತಾರಸಿ ಮುಚ್ಚಿ, ಕಿಟಕಿಗೆ ಗಾಜು ಹಾಕಿ, ಗೋಡೆ ಉಸಿರಾಡುತ್ತದೆಂದು ನಿಶ್ಚಿಂತರಾಗಲು ಜನರಿಗೆ ಬೋಧಿಸುವವರೊಡನೆ.

ಬಣ್ಣದ ವ್ಯಾಪಾರಿಗಳನ್ನು ಕುರಿತು ಹೆಚ್ಚು ಬರೆಯುವುದು ವ್ಯರ್ಥ. ತೇವವನ್ನು ತಡೆಯುತ್ತದೆಂಬ ಬಣ್ಣವನ್ನು ಒಳಮೈಗೆ ಬಳಿದರೆ, ನೆಲದಿಂದ ಏರಿದ ನೀರು ಬಣ್ಣದ ಹಿಂದೆ ನಿಂತು ಗುಳ್ಳೆಯೇಳುತ್ತದೆ, ಅಡಿಗೆಮನೆಯ ಹಬೆ ಬಣ್ಣದ ಮುಂದೆ ನಿಂತು ಮೂಲೆಯಲ್ಲಿ ಕಪ್ಪಾಗುತ್ತದೆ.

ಅಟ್ಟದಲ್ಲಿ ದೋಷವಿರಲಿಲ್ಲವೆ? ಇಲಿಯ ಕಾಟವಿತ್ತು, ಬೆಂಕಿಯ ಭಯವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೊಬ್ಬರಿಯನ್ನು ಕಾಪಾಡಿದ ಹೊಗೆ ಒಲೆಯ ಮುಂದೆ ಕೂತ ಹೆಂಗಸಿನ ಕಣ್ಣನ್ನೂ ಶ್ವಾಸಕೋಶವನ್ನೂ ಕಾಪಾಡಲಿಲ್ಲ. ಆ ಹೊಗೆ ಮನೆಯಿಂದ ಹೋದದ್ದು ಒಳ್ಳೆಯದೇ. ಆದರೆ ಹೊಗೆಯೊಡನೆ ಅದು ಹೋಗುತ್ತಿದ್ದ ದಾರಿಯನ್ನೂ ಮುಚ್ಚಬೇಕೆಂದು ಯಾವ ಶಾಸ್ತ್ರವೂ ವಿಧಿಸಿರಲಿಲ್ಲ.

ಅಟ್ಟದ ಪಕ್ಷದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು ಇನ್ನೊಂದಿದೆ. ವರ್ಷದ ಆದಾಯವೆಲ್ಲ ತಲೆಯ ಮೇಲೆ ಒಣಗುತ್ತಿರುವಾಗ, ಗಾಳಿಗೆ ಸರಿದ ಒಂದು ಹೆಂಚನ್ನು ನಾಳೆಗೆಂದು ಬಿಡುವ ಯಜಮಾನನಿರಲಿಲ್ಲ. ಸೋರಿದ ಜಾಗದ ಕಾಯಿ ಕೌಟಾದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಆ ಕ್ಷಣದಲ್ಲೇ ಇಳಿಯುತ್ತಿತ್ತು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ತಳದ ಕಾಯಿಯನ್ನು ಮುಟ್ಟಿ ನೋಡುವುದು, ಮುಗ್ಗಿದ ವಾಸನೆಯನ್ನು ಕಣ್ಣಿಗೆ ಕಾಣುವ ಮೊದಲೇ ಮೂಗಿನಿಂದ ಹಿಡಿಯುವುದು, ಇವೆಲ್ಲ ಕೊಬ್ಬರಿಗಾಗಿ ನಡೆದ ಕರ್ಮಗಳು. ಫಲವನ್ನು ಮಾತ್ರ ಮನೆಯವರೆಲ್ಲರೂ ಉಂಡರು. ತೇವವೆಂಬುದು ಮಗುವಿನ ಕೆಮ್ಮಾಗಿ ಬರುವ ಮೊದಲೇ ದುಡ್ಡಿನ ಲೆಕ್ಕದಲ್ಲಿ ಬಂದು ಎಚ್ಚರಿಸುತ್ತಿತ್ತು. ಮಣ್ಣನ್ನು ಹೊಗಳುವವರು ಕೈಬಿಟ್ಟಿರುವುದು ಈ ಎಚ್ಚರವನ್ನು. ಅದಿಲ್ಲದೆ ಯಾವ ಗೋಡೆಯೂ, ಯಾವ ಅಟ್ಟವೂ ಎರಡು ಮಳೆಗಾಲ ಬಾಳದು.

ಇಂದು ಈ ಸೀಮೆಯಲ್ಲಿ ಅನೇಕರು ತೋಟದ ಬದಿಯಲ್ಲಿ ಕಾಯಿಗೆಂದೇ ಪ್ರತ್ಯೇಕ ಶೆಡ್ಡು ಕಟ್ಟಿಸುತ್ತಾರೆ: ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟ ಗೋಡೆ, ನೆಲದಿಂದ ಮೇಲೆತ್ತಿ ಸಂದು ಬಿಟ್ಟು ಹಾಸಿದ ಅಟ್ಟ, ಗಾಳಿ ಆಡುವ ಸೂರು. ಅದೇ ಯಜಮಾನ ಅದೇ ಮೇಸ್ತ್ರಿಯ ಕೈಯಿಂದ ತನ್ನ ವಾಸಕ್ಕೆ ಕಟ್ಟಿಸುವ ತಾರಸಿಮನೆಯಲ್ಲಿ ಒಂದು ಕಿಂಡಿಯೂ ಇಲ್ಲ. ಹಳೆಯ ನಕ್ಷೆಗಳಲ್ಲಿ ಬಾಗಿಲ ಮೇಲೆ ಉಳಿದಿದ್ದ ವೆಂಟಿಲೇಟರೂ ಧೂಳು ಬರುವುದೆಂಬ ನೆಪದಿಂದ ಗಾಜಿನ ಹಿಂದೆ ಸೇರಿದೆ, ಬಚ್ಚಲಿಗೂ ಅಡಿಗೆಮನೆಗೂ ಸೂರಿನ ಹತ್ತಿರ ಗಾಳಿ ಹೊರಹೋಗುವ ದಾರಿಯನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕಾಯಿಯ ಶೆಡ್ಡಿಗೆ ಮೇಸ್ತ್ರಿ ಯಾರೂ ಹೇಳದೆಯೇ ಬಿಡುವ ಆ ಕಿಂಡಿಯನ್ನು ಮಲಗುವ ಕೋಣೆಗೂ ಬಿಡುವಂತೆ, ನಕ್ಷೆ ಬರೆಯುವ ದಿನವೇ, ಯಜಮಾನನು ಕೇಳಿ ಪಡೆಯತಕ್ಕದ್ದು.