ಸರದಿಯ ಪಟ್ಟಿ: ಅದರ ರೂಪ, ದೋಷ ಮತ್ತು ಪರಿಹಾರ

ಬಹುಜನರು ಒಂದೇ ಯಂತ್ರವನ್ನು ಹಂಚಿಕೊಂಡು ದುಡಿಸುವಲ್ಲಿ ಸರದಿಯೂ, ಸರದಿಯನ್ನು ತೋರಿಸುವ ಪಟ್ಟಿಯೂ ಅನಿವಾರ್ಯವಾಗುವುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರ-ಟಿ ಎಂಬ ಕ್ರೇ ಗಣಕಸಮೂಹವೂ, 2022ರಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಅಂಗವಾಗಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ಸ್ಥಾಪಿತವಾದುವು. ಇಂತಹ ಸಮೂಹದಲ್ಲಿ ಸಂಶೋಧಕನು ತನ್ನ ಲೆಕ್ಕವನ್ನು ತಾನೇ ನೇರವಾಗಿ ನಡೆಸುವುದಿಲ್ಲ. ಎಷ್ಟು ಗಣಕಗಳು ಬೇಕು, ಎಷ್ಟು ಕಾಲ ಬೇಕು ಎಂಬುದನ್ನು ಬರೆದು, ಕಾರ್ಯವನ್ನು ನಿಯೋಜಕ ತಂತ್ರಾಂಶಕ್ಕೆ ಅರ್ಜಿಯಂತೆ ಒಪ್ಪಿಸಿ ಕಾಯುವನು. ಸಹಸ್ರ-ಟಿಯಲ್ಲಿ ಪಿಬಿಎಸ್ ಪ್ರೊ ಎಂಬ ನಿಯೋಜಕವು ಬಳಕೆಯಲ್ಲಿತ್ತು. ಅದರ ವಂಶವು ಅಮೆರಿಕದ ನಾಸಾ ಸಂಸ್ಥೆಗಾಗಿ 1991ರಲ್ಲಿ ಆರಂಭವಾದ ಕೆಲಸದಿಂದ ಬಂದುದು. ಪ್ರವೇಗದ ನಿಯೋಜಕವು ಸ್ಲರ್ಮ್. ಇದು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಈ ಶತಮಾನದ ಆದಿಯಲ್ಲಿ ಹುಟ್ಟಿತು.

ಸ್ಲರ್ಮಿನ ಸರದಿಯನ್ನು ತೋರಿಸುವ ಆಜ್ಞೆಗೆ ಎಸ್‌ಕ್ಯೂ ಎಂದು ಹೆಸರು. ಅದು ನೀಡುವ ಪಟ್ಟಿಯನ್ನು ಯಂತ್ರದ ವ್ಯವಹಾರವೆಂದು ಬದಿಗಿಡುವುದು ಸರಿಯಲ್ಲ. ಪಟ್ಟಿಯೂ ಒಂದು ಬರಹವೇ; ಅದಕ್ಕೆ ಕರ್ತೃವುಂಟು, ಓದುಗನುಂಟು, ಓದುಗನ ಪ್ರಶ್ನೆಯುಂಟು. ಆ ಪ್ರಶ್ನೆಗೆ ಉತ್ತರ ದೊರೆಯುವುದೋ ಇಲ್ಲವೋ ಎಂಬುದೇ ಇಲ್ಲಿಯ ವಿಚಾರ.

ಮೊದಲು ಪಟ್ಟಿಯ ರೂಪವನ್ನು ನೋಡಬೇಕು. ಬೇರೆ ಏನನ್ನೂ ಕೇಳದಿದ್ದರೆ ಎಂಟು ಅಂಕಣಗಳು ಬರುವುವು: ಕಾರ್ಯಸಂಖ್ಯೆ, ವಿಭಾಗ, ಕಾರ್ಯದ ಹೆಸರು, ಒಪ್ಪಿಸಿದವನ ಹೆಸರು, ಸ್ಥಿತಿ, ನಡೆದ ಕಾಲ, ಗಣಕಗಳ ಎಣಿಕೆ, ಕಡೆಯದಾಗಿ, ನಡೆಯುತ್ತಿರುವ ಕಾರ್ಯವಾದರೆ ಗಣಕಗಳ ಹೆಸರು, ಕಾಯುತ್ತಿರುವುದಾದರೆ ಕಾಯುವಿಕೆಯ ಕಾರಣ. ಮೊದಲ ಏಳಕ್ಕೆ ಕ್ರಮವಾಗಿ 18, 9, 8, 8, 2, 10, 6 ಅಕ್ಷರಗಳ ಅಗಲ. ನಡುವಣ ತೆರಪುಗಳನ್ನು ಸೇರಿಸಿದರೆ ಒಟ್ಟು 68 ಆಗುವುದು; 80 ಅಕ್ಷರಗಳ ಸಾಲಿನಲ್ಲಿ ಕಡೆಯ ಅಂಕಣಕ್ಕೆ 12 ಉಳಿಯುವುದು. ಈ 80ರ ಮಿತಿಯು ಐಬಿಎಮ್ ಸಂಸ್ಥೆಯು 1928ರಲ್ಲಿ ತಂದ ರಂಧ್ರಪತ್ರದ ಅಳತೆ. ಪತ್ರವು ಮರೆಯಾದರೂ ಅದರ ಅಳತೆಯು ತೆರೆಗಳಿಗೆ ಇಳಿದು ಬಂದಿತು. ಆದುದರಿಂದ ಪಟ್ಟಿಯ ಬಿಗುವು ಕೇವಲ ಅಲಕ್ಷ್ಯದಿಂದ ಬಂದುದಲ್ಲವೆಂದು ಒಪ್ಪಬೇಕು.

ಆದರೂ ದೋಷಗಳು ದೋಷಗಳೇ. ಮಮ್ಮಟನೇ ಮೊದಲಾದ ಆಲಂಕಾರಿಕರು ಎಣಿಸಿದ ದೋಷಗಳಲ್ಲಿ ಮೂರು ಈ ಪಟ್ಟಿಗೆ ಚೆನ್ನಾಗಿ ಅನ್ವಯಿಸುವುವು. ಒಂದು ಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ತಿಳಿಯುವ ಪದಪ್ರಯೋಗವು ಅಪ್ರತೀತ. ಸ್ಥಿತಿಯ ಅಂಕಣಕ್ಕೆ ಎರಡೇ ಅಕ್ಷರಗಳ ಸ್ಥಳವಿರುವುದರಿಂದ ಕಾಯುತ್ತಿರುವುದು ‘ಪಿಡಿ’, ನಡೆಯುತ್ತಿರುವುದು ‘ಆರ್’, ಮುಗಿಯುವ ಹಂತದಲ್ಲಿರುವುದು ‘ಸಿಜಿ’ ಎಂದಾಗುವುವು. ಸಹಸ್ರ-ಟಿಯಲ್ಲಿ ‘ಕ್ಯೂ’ ಎಂದು ಓದಿ ರೂಢಿಯಾದವನು ಪ್ರವೇಗದಲ್ಲಿ ಅದೇ ಸ್ಥಿತಿಯನ್ನು ‘ಪಿಡಿ’ ಎಂದು ಹೊಸದಾಗಿ ಕಲಿಯಬೇಕಾಯಿತು. ಈ ದೋಷವು ಅಭ್ಯಾಸದಿಂದ ಕಳೆಯುವುದರಿಂದ ಸಹ್ಯವೆನ್ನಬಹುದು.

ಎರಡನೆಯದು ಸಂದಿಗ್ಧ. ರಾಯಚೂರು ಜಿಲ್ಲೆಯ ಯಾಪಲದಿನ್ನಿಯ ಮಳೆಯನ್ನು ಮುಂಗಾರಿಗೊಮ್ಮೆ ಹಿಂಗಾರಿಗೊಮ್ಮೆ ಲೆಕ್ಕಿಸುವ ಎರಡು ಕಾರ್ಯಗಳನ್ನು ಒಬ್ಬ ವಿದ್ಯಾರ್ಥಿಯು ಒಪ್ಪಿಸಿದನೆಂದು ಭಾವಿಸೋಣ. ಊರಿನ ಹೆಸರಿನ ಮುಂದೆ ಋತುವಿನ ಹೆಸರನ್ನು ಸೇರಿಸಿ ಅವನು ಕಾರ್ಯಗಳಿಗೆ ಹೆಸರಿಟ್ಟಿರುವನು. ಹೆಸರಿನ ಅಂಕಣವು ಎಂಟು ರೋಮನ್ ಅಕ್ಷರಗಳಷ್ಟೇ ಆದುದರಿಂದ ಎರಡೂ ‘ಯಾಪಲದಿ’ ಎಂದು ಕಾಣುವುವು. ಊರೂ ಪೂರ್ತಿಯಾಗಲಿಲ್ಲ, ಋತುವೂ ಉಳಿಯಲಿಲ್ಲ. ಸಂಖ್ಯೆಗಳು ಬೇರೆಯಾಗಿರುವುದು ನಿಜ. ಆದರೆ ಮನುಷ್ಯನು ನೆನಪಿಡುವುದು ಹೆಸರನ್ನು. ಒಂದನ್ನು ರದ್ದು ಮಾಡಬೇಕಾದಾಗ ಇನ್ನೊಂದನ್ನು ರದ್ದು ಮಾಡಿದರೆ ಅಷ್ಟು ದಿನ ಕಾದು ಪಡೆದ ಸರದಿಯು ನಷ್ಟವಾಗುವುದು.

ಮೂರನೆಯದಾದ ನ್ಯೂನಪದವೇ ಎಲ್ಲಕ್ಕಿಂತ ಗುರುತರವಾದುದು. ಬೇಕಾದ ಪದವೇ ಇಲ್ಲದಿರುವುದು ಈ ದೋಷದ ಲಕ್ಷಣ. ಕಾಯುವವನ ಪ್ರಶ್ನೆಗಳು ಎರಡು: ಎಷ್ಟು ಹೊತ್ತಿನಿಂದ ಕಾದಿದ್ದೇನೆ, ಇನ್ನೆಷ್ಟು ಹೊತ್ತು ಕಾಯಬೇಕು? ಮೂಲಪಟ್ಟಿಯಲ್ಲಿ ಎರಡಕ್ಕೂ ಉತ್ತರವಿಲ್ಲ. ಅಲ್ಲಿರುವ ಕಾಲವು ಯಂತ್ರವು ದುಡಿದ ಕಾಲ. ಆದುದರಿಂದ ಮೂರು ದಿನ ಕಾದ ಕಾರ್ಯದ ಎದುರಿಗೂ ಸೊನ್ನೆಯೇ ಇರುವುದು. ಪಿಬಿಎಸ್‌ನ ವಿಸ್ತೃತ ಪಟ್ಟಿಯು ಇದೇ ಸ್ಥಳದಲ್ಲಿ ಎರಡು ಅಡ್ಡಗೆರೆಗಳನ್ನು ಎಳೆಯುವುದು. ಅಡ್ಡಗೆರೆಯು ‘ಇನ್ನೂ ಆರಂಭವಾಗಿಲ್ಲ’ ಎನ್ನುವುದು. ಸೊನ್ನೆಯು ‘ಕಾಲವೇ ಕಳೆದಿಲ್ಲ’ ಎಂಬ ಭ್ರಾಂತಿಗೆ ಎಡೆಗೊಡುವುದು. ಇಲ್ಲಿ ಪಿಬಿಎಸ್ ಹೆಚ್ಚು ಪ್ರಾಮಾಣಿಕವೆನ್ನಬೇಕು.

ಕೇಳಿದ ಕಾಲಾವಧಿಯೂ ಮೂಲಪಟ್ಟಿಯಲ್ಲಿ ಕಾಣದು. ಇದರಿಂದಾಗುವ ಹಾನಿಯನ್ನು ತಿಳಿಯಲು ನಿಯೋಜಕದ ನಡೆಯನ್ನು ತಿಳಿಯಬೇಕು. ದೊಡ್ಡದೊಂದು ಕಾರ್ಯಕ್ಕೆ ಸಾಕಷ್ಟು ಗಣಕಗಳು ಬಿಡುವಾಗುವ ತನಕ ಕೆಲವು ಗಣಕಗಳು ಬರಿದೆ ಇರಬೇಕಾಗುವುದು. ಆ ತೆರಪಿನಲ್ಲಿ, ಮುಂದಿನವರಿಗೆ ತಡವಾಗದಂತೆ ಮುಗಿಯಬಲ್ಲ ಸಣ್ಣ ಕಾರ್ಯವನ್ನು ನಿಯೋಜಕವು ತುಂಬುವುದು. ಕಾರ್ಯವು ಸಣ್ಣದೆಂದು ಅದಕ್ಕೆ ಗೊತ್ತಾಗುವುದು ಕೇಳಿದ ಅವಧಿಯಿಂದ ಮಾತ್ರ. ನಾಲ್ಕು ಗಂಟೆಯ ಕೆಲಸಕ್ಕೆ 48 ಗಂಟೆ ಕೇಳಿದವನು ಆ ತೆರಪಿಗೆ ಒಗ್ಗದೆ ಹಿಂದುಳಿಯುವನು. ಪಟ್ಟಿಯು ಅವನಿಗೆ ‘ಆದ್ಯತೆ’ ಎಂಬ ಒಂದು ಮಾತಿನ ಕಾರಣವನ್ನು ಹೇಳಿ, ಅವನ ಕೈಯಲ್ಲೇ ಇದ್ದ ಕಾರಣವನ್ನು ಮುಚ್ಚಿಡುವುದು. ಅವನು ಯಂತ್ರವನ್ನೋ ಸಹೋದ್ಯೋಗಿಯನ್ನೋ ದೂರುತ್ತ ದಿನಗಳನ್ನು ಕಳೆಯುವನು.

ಪರಿಹಾರವು ತಂತ್ರಾಂಶದಲ್ಲಿಯೇ ಉಂಟು. ಅಂಕಣಗಳನ್ನು ಆಯುವ ಅಧಿಕಾರವನ್ನು ಸ್ಲರ್ಮ್ ಓದುಗನಿಗೇ ಕೊಟ್ಟಿದೆ. ಶೇಕಡಾ ಚಿಹ್ನೆ, ಅಗಲದ ಅಂಕಿ, ಒಂದು ಅಕ್ಷರ ಇವುಗಳನ್ನು ಜೋಡಿಸಿದರೆ ಒಂದು ಅಂಕಣವಾಗುವುದು. ಸಣ್ಣ ‘ಎಲ್’ ಕೇಳಿದ ಅವಧಿಯನ್ನೂ, ದೊಡ್ಡ ‘ಎಲ್’ ಉಳಿದ ಅವಧಿಯನ್ನೂ, ದೊಡ್ಡ ‘ವಿ’ ಒಪ್ಪಿಸಿದ ಹೊತ್ತನ್ನೂ, ದೊಡ್ಡ ‘ಎಸ್’ ಆರಂಭದ ಹೊತ್ತನ್ನೂ, ದೊಡ್ಡ ‘ಟಿ’ ಸ್ಥಿತಿಯ ಪೂರ್ಣನಾಮವನ್ನೂ ಕೊಡುವುವು. ಹೆಸರಿನ ಅಗಲವನ್ನು ಎಂಟರಿಂದ 24ಕ್ಕೆ ಏರಿಸಿದರೆ ಯಾಪಲದಿನ್ನಿಯ ಮುಂಗಾರೂ ಹಿಂಗಾರೂ ಬೇರೆಯಾಗುವುವು. ಔಷಧದಲ್ಲಿಯೂ ಅಪ್ರತೀತದೋಷವು ಉಳಿಯಿತೆನ್ನುವವರಿಗೆ, ಪೂರ್ಣಪದಗಳಲ್ಲಿ ಅಂಕಣಗಳನ್ನು ಕೇಳುವ ಇನ್ನೊಂದು ಕ್ರಮವೂ ಇದೆ. ಆರಂಭದ ಹೊತ್ತು ಮಾತ್ರ ಊಹೆಯೆಂದು ನೆನಪಿಡಬೇಕು: ಎಲ್ಲರೂ ಕೇಳಿದ ಅವಧಿಯನ್ನೆಲ್ಲ ಬಳಸುವರೆಂದು ಎಣಿಸಿ ಮಾಡಿದ ಲೆಕ್ಕವದು, ಯಾರಾದರೂ ಬೇಗ ಮುಗಿಸಿದರೆ ಅದು ಬದಲಾಗುವುದು.

ಹೀಗೆ ರಚಿಸಿಕೊಂಡ ರೂಪವನ್ನು ಎಸ್‌ಕ್ಯೂ, ಫಾರ್ಮ್ಯಾಟ್ ಎಂಬೆರಡು ಪದಗಳನ್ನು ಅಡಿಗೆರೆಯಿಂದ ಕೂಡಿಸಿದ ಹೆಸರಿನ ಪರಿಸರಚರದಲ್ಲಿ ಇರಿಸಿದರೆ, ಪ್ರತಿಸಲವೂ ಅದೇ ರೂಪ ಬರುವುದು. ಇಲ್ಲಿಯೇ ಎಚ್ಚರವು ಅಗತ್ಯ. ಸರದಿಯ ಪಟ್ಟಿಯನ್ನು ಮನುಷ್ಯರಲ್ಲದೆ ಇತರ ಆಜ್ಞಾವಳಿಗಳೂ ಓದುವುವು. ಐದನೆಯ ಅಂಕಣವು ಸ್ಥಿತಿಯೆಂದು ನಂಬಿದ ಆಜ್ಞಾವಳಿಯು ಹೊಸ ರೂಪದಲ್ಲಿ ಅವಧಿಯನ್ನು ಸ್ಥಿತಿಯೆಂದು ಓದಿ ಕೆಡುವುದು. ಅಲ್ಲದೆ, ಒಬ್ಬನು ತನ್ನ ಪಟ್ಟಿಯನ್ನು ಓದಿ ಹೇಳಿದರೆ ಇನ್ನೊಬ್ಬನ ತೆರೆಯಲ್ಲಿ ಆ ಅಂಕಣವೇ ಇಲ್ಲದಿರಬಹುದು.

ಇದಕ್ಕೆ ಯಾಪಲದಿನ್ನಿಯ ರೈತನು ಬಲ್ಲ ಪಹಣಿಯೇ ನಿದರ್ಶನ. ಕರ್ನಾಟಕದ ಪಹಣಿಯಲ್ಲಿ 9ನೆಯ ಅಂಕಣವು ಒಡೆತನ, 11ನೆಯದು ಋಣ ಮತ್ತು ಇತರ ಹಕ್ಕುಗಳು. 2000ದ ಸುಮಾರಿಗೆ ಭೂಮಿ ಯೋಜನೆಯಿಂದ ಅದು ಗಣಕಕ್ಕೇರಿದ ಮೇಲೆಯೂ ಅಂಕಣಗಳನ್ನು ಬದಲಾಯಿಸುವ ಅಧಿಕಾರವು ಓದುಗನಿಗಿಲ್ಲ. ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ‘ಹನ್ನೊಂದನೆಯ ಕಾಲಂ’ ಎಂದರೆ ಒಂದೇ ಅರ್ಥವಾಗುವುದು ಆ ಸ್ಥಿರತೆಯಿಂದಲೇ. ಸಾಕ್ಷ್ಯವಾಗಿ ನಿಲ್ಲಬೇಕಾದ ಬರಹಕ್ಕೆ ಸ್ಥಿರರೂಪವೇ ಗುಣ. ಸರದಿಯ ಪಟ್ಟಿಯಾದರೋ ಸಾಕ್ಷ್ಯಪತ್ರವಲ್ಲ, ಕಾಯುವವನ ಕೈಗನ್ನಡಿ. ಅದನ್ನು ಪಹಣಿಯಂತೆ ಬಿಗಿಯುವ ಕಾರಣವಿಲ್ಲ.

ಆದುದರಿಂದ ಎರಡನ್ನೂ ಉಳಿಸಿಕೊಳ್ಳುವುದು ಯುಕ್ತವೆಂದು ತೋರುವುದು. ಮೂಲಪಟ್ಟಿಯನ್ನು ಮಾತುಕತೆಯ ಸಾಮಾನ್ಯ ಭಾಷೆಯಾಗಿ ಹಾಗೆಯೇ ಬಿಟ್ಟು, ಸ್ವಂತ ರೂಪವನ್ನು ಬೇರೊಂದು ಹೆಸರಿನ ಕಿರು ಆಜ್ಞೆಯಾಗಿ ಇಟ್ಟುಕೊಳ್ಳಬಹುದು. ಆಜ್ಞಾವಳಿಗಳು ತಮಗೆ ಬೇಕಾದ ಅಂಕಣಗಳನ್ನು ತಾವೇ ಹೆಸರಿಸಿ ಕೇಳಲಿ. ಸ್ವಂತ ರೂಪದಲ್ಲಿ ಬೇರೇನಿಲ್ಲದಿದ್ದರೂ ಪೂರ್ಣ ಹೆಸರು, ಒಪ್ಪಿಸಿದ ಹೊತ್ತು, ಕೇಳಿದ ಅವಧಿ ಎಂಬ ಮೂರು ಇರಲೇಬೇಕು. ರಾಯಚೂರಿನಲ್ಲಿಯೇ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದು ನಡೆಯುತ್ತಿದೆ; ಆ ಸೀಮೆಯ ಯುವಕರಿಗೆ ಇಂತಹ ಪಟ್ಟಿಗಳನ್ನು ಓದುವ ಸಂದರ್ಭಗಳು ಹೆಚ್ಚುವುವೇ ಹೊರತು ಕಡಮೆಯಾಗವು. ಅವರಿಗೆ ಆಜ್ಞೆಗಳ ಜೊತೆಗೆ, ಪಟ್ಟಿಯು ಏನನ್ನು ಹೇಳುವುದಿಲ್ಲವೆಂದು ಕೇಳುವ ಅಭ್ಯಾಸವನ್ನೂ ಕಲಿಸಬೇಕು. ಆ ಅಭ್ಯಾಸವು ಸಾಹಿತ್ಯದ ಅಧ್ಯಾಪಕರಿಗೆ ಹೊಸದಲ್ಲ.