ಉಬ್ರಾಣಿ ದಾರಿಗೆ ಎಂಥ ಟೈರು?

ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ಚನ್ನಗಿರಿ ಸೀಮೆಯ ಅಂಗಳಗಳಲ್ಲಿ ಹೊಸ ಗಾಡಿ ಬಂದು ನಿಲ್ಲುತ್ತದೆ. ಬೊಲೆರೊ, ಸ್ಕಾರ್ಪಿಯೊ, ಥಾರ್, ಕ್ರೆಟಾ. ತೋಟದ ಕೆಲಸಕ್ಕೆ ಬೇರೆ ಒಂದು ಪಿಕಪ್. ಬಣ್ಣ ಯಾವುದಿರಲಿ, ಮೈಲೇಜ್ ಎಷ್ಟು ಕೊಡುತ್ತದೆ, ಸೀಟು ಎಷ್ಟು ಅಂತ ಮನೆಮಂದಿಯೆಲ್ಲ ಕೂತು ಮಾತಾಡುತ್ತಾರೆ. ಮೂರ್ನಾಲ್ಕು ವರ್ಷ ಕಳೆದು ಟೈರು ಸವೆದಾಗ ಮಾತ್ರ ಆ ಚರ್ಚೆ ಇರುವುದಿಲ್ಲ. ಡ್ರೈವರ್ ಒಬ್ಬನೇ ಹೋಗಿ ಅಂಗಡಿಯವರು ಕೊಟ್ಟಿದ್ದನ್ನು ಹಾಕಿಸಿಕೊಂಡು ಬರುತ್ತಾನೆ. ಇಲ್ಲವೇ ಮನೆಯ ಹುಡುಗ ಹಟ ಹಿಡಿದು, ಜಾಹೀರಾತಿನಲ್ಲಿ ಬಂಡೆ ಹತ್ತುವ ದಪ್ಪ ಹಲ್ಲಿನ ಟೈರೇ ಬೇಕು ಅನ್ನುತ್ತಾನೆ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಮಳೆಯಲ್ಲಿ ಗಾಡಿಯನ್ನು ನಿಲ್ಲಿಸುವುದು ಕೊನೆಗೂ ಟೈರು. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಹಗುರವಾಗಿ ತೆಗೆದುಕೊಳ್ಳುವುದು ನನಗೆ ಸಂಕಟದ ಸಂಗತಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಉಬ್ರಾಣಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಓಡುವ ಬಹುಪಾಲು ಎಸ್‌ಯುವಿಗಳಿಗೆ ಎಚ್‌ಟಿ, ಅಂದರೆ ಹೆದ್ದಾರಿ ಟೈರೇ ತಕ್ಕದ್ದು. ಎಟಿ ಎಂದು ಮಾರುವ ದಪ್ಪ ಹಲ್ಲಿನ ಟೈರು ಬೇಕಾದವರು ಇದ್ದಾರೆ, ಆದರೆ ಹಾಕಿಸಿಕೊಂಡವರಿಗಿಂತ ಅವರ ಸಂಖ್ಯೆ ತುಂಬ ಕಡಿಮೆ. ಪಿಕಪ್, ಟಾಟಾ ಏಸ್‌ಗಳ ಲೆಕ್ಕ ಬೇರೆ. ಅಲ್ಲಿ ನಡೆಯುತ್ತಿರುವುದು ಇನ್ನೂ ದೊಡ್ಡ ತಪ್ಪು.

ಈ ಸೀಮೆಯ ಗಾಡಿ ತುಳಿಯುವ ನೆಲವನ್ನೇ ಮೊದಲು ನೋಡೋಣ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13 ಜಗಳೂರು ತಾಲ್ಲೂಕಿನ ಅಂಚಿನಲ್ಲಿ ಹಾದು, ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿ ದಾಟಿ ಶಿವಮೊಗ್ಗ ಸೇರುತ್ತಿತ್ತು. ಈಗ ನಂಬರುಗಳು ಬದಲಾಗಿವೆ, ಓಡಾಟ ಹೆಚ್ಚಿದೆ. ದಾವಣಗೆರೆಗೆ ಹೋಗಬೇಕಾದರೆ ಸಂತೇಬೆನ್ನೂರಿನ ಮೇಲೆ ಹೋಗುವ ಡಾಂಬರು ರಸ್ತೆ. ಅಲ್ಲಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ನೂರರ ವೇಗ. ಇತ್ತ ಉಬ್ರಾಣಿ ಹೋಬಳಿಯ ಒಳಗೆ ಬಂದರೆ ಊರಿನ ಕಾಂಕ್ರೀಟು ರಸ್ತೆ, ಆಮೇಲೆ ತೋಟದವರೆಗೆ ಗರಸು ಹಾಕಿದ ದಾರಿ, ಕೊನೆಯ ಫರ್ಲಾಂಗು ಕೆಂಪು ಮಣ್ಣು. ಹೊನ್ನಾಳಿ ಕಡೆ ಇನ್ನೊಂದು ಕಷ್ಟವಿದೆ. ಮಳೆಗಾಲದಲ್ಲಿ ಹೊಲದಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರ್‌ಗಳು ಚಕ್ರಕ್ಕೆ ಮೆತ್ತಿದ ಎರೆಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತ ಹೋಗುತ್ತವೆ. ಅದರ ಮೇಲೆ ತುಂತುರು ಬಿದ್ದರೆ ಸಾಕು, ನೋಡಲು ಒಳ್ಳೆಯ ರಸ್ತೆಯೇ, ಬ್ರೇಕ್ ಒತ್ತಿದರೆ ಜಾರುಬಂಡೆ.

ಒಂದು ಎಚ್‌ಟಿ ಟೈರನ್ನು ಹತ್ತಿರದಿಂದ ನೋಡಿ. ಸುತ್ತಲೂ ಮೂರೋ ನಾಲ್ಕೋ ನೇರ ಕಾಲುವೆಗಳು ಓಡುತ್ತವೆ. ನೀರು ಹಿಂದಕ್ಕೆ ಹರಿದುಹೋಗಲು ಅವೇ ದಾರಿ. ಕಾಲುವೆಗಳ ನಡುವಿನ ರಬ್ಬರು ಪಟ್ಟಿಗಳಲ್ಲಿ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿವೆ. ಉಗುರು ಹಾಕಿ ಅಗಲಿಸಿದರೆ ಬಾಯಿ ಬಿಡುತ್ತವೆ. ಒದ್ದೆ ಡಾಂಬರಿನ ಮೇಲೆ ಉಳಿದ ನೀರಿನ ತೆಳು ಪೊರೆಯನ್ನು ಕತ್ತರಿಸಿ ರಬ್ಬರನ್ನು ನೆಲಕ್ಕೆ ಮುಟ್ಟಿಸುವುದು ಈ ಸೀಳುಗಳೇ. ಹೊರ ಅಂಚಿನ ಪಟ್ಟಿ ಹೆಚ್ಚುಕಡಿಮೆ ಅಖಂಡವಾಗಿರುತ್ತದೆ, ಹಾಗಾಗಿ ತಿರುವಿನಲ್ಲಿ ಗಾಡಿ ಓಲಾಡುವುದಿಲ್ಲ. ಎಟಿಯಲ್ಲಿ ಈ ಅಂಚು ಬಿಡಿಬಿಡಿ ಗಟ್ಟಿಗಳಾಗಿ ಒಡೆದಿರುತ್ತದೆ. ಕಾಲುವೆ ಆಳ, ಗಟ್ಟಿಗಳ ನಡುವೆ ಬಯಲು ಜಾಸ್ತಿ. ಸಡಿಲ ಮಣ್ಣಿನಲ್ಲಿ, ಗರಸಿನಲ್ಲಿ ಅದು ಕಚ್ಚಿ ಹಿಡಿಯುತ್ತದೆ, ನಿಜ. ಆದರೆ ಡಾಂಬರಿನ ಮೇಲೆ ನೆಲ ಮುಟ್ಟುವ ರಬ್ಬರು ಅಷ್ಟರಮಟ್ಟಿಗೆ ಕಡಿಮೆ. ಎತ್ತರದ ಗಟ್ಟಿಗಳು ಬ್ರೇಕ್ ಒತ್ತಿದಾಗ ಬಾಗುತ್ತವೆ. ಆದ್ದರಿಂದ ಒದ್ದೆ ರಸ್ತೆಯಲ್ಲಿ ಸಾಮಾನ್ಯವಾಗಿ ನಿಲ್ಲುವ ದೂರ ಹೆಚ್ಚು, ಸದ್ದು ಹೆಚ್ಚು, ಡೀಸೆಲ್ಲೂ ಹೆಚ್ಚು.

ಎಟಿ ಹಾಕಿಸಿದರೆ ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದು ಅರ್ಧ ಸತ್ಯ. ಉಬ್ರಾಣಿಯ ಕೆಂಪು ಮಣ್ಣಿನಲ್ಲಿ ಅದು ಕೆಲಸ ಮಾಡುತ್ತದೆ. ಎರೆಮಣ್ಣಿನಲ್ಲಿ ಎಟಿಯ ಗಟ್ಟಿಗಳ ನಡುವಿನ ಬಯಲು ನಾಲ್ಕು ಸುತ್ತಿಗೇ ಅಂಟುಮಣ್ಣಿನಿಂದ ತುಂಬಿ ನುಣ್ಣಗಾಗುತ್ತದೆ. ಆಮೇಲೆ ಅದಕ್ಕೂ ಬೋಳು ಟೈರಿಗೂ ಅಂಥ ವ್ಯತ್ಯಾಸವಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಬೊಲೆರೊಗಳಲ್ಲಿ ಬಹುತೇಕ ಹಿಂದಿನ ಎರಡೇ ಚಕ್ರ ಎಳೆಯುವಂಥವು, ಕ್ರೆಟಾಗಳಲ್ಲಿ ಮುಂದಿನ ಎರಡೇ. ನಾಲ್ಕೂ ಚಕ್ರಕ್ಕೆ ಎಳೆತವಿಲ್ಲದ ಗಾಡಿಗೆ ದಪ್ಪ ಹಲ್ಲಿನ ಟೈರು ಹಾಕಿ ಕಾಡುದಾರಿಯ ಧೈರ್ಯ ತಂದುಕೊಳ್ಳುವುದು ಅಪಾಯ. ಭದ್ರಾ ಕಾಡಿನ ಅಂಚಿನಲ್ಲಿ ತೋಟವಿದ್ದು, ಮಳೆಗಾಲದಲ್ಲಿ ದಿನಾ ಬೆಳಗ್ಗೆ ಫೋರ್ ವೀಲ್ ಡ್ರೈವ್ ಥಾರ್‌ನಲ್ಲೋ ಜೀಪಿನಲ್ಲೋ ಏರು ಹತ್ತುವವರಿಗೆ ಎಟಿ ಬೇಕು; ಅವರು ಹಾಕಿಸಿಕೊಳ್ಳಲಿ. ತಿಂಗಳಿಗೆರಡು ಸಲ ತೋಟಕ್ಕೆ ಹೋಗಿ ಉಳಿದ ದಿನ ಶಿವಮೊಗ್ಗಕ್ಕೂ ದಾವಣಗೆರೆಗೂ ಓಡಾಡುವವರಿಗೆ ಅದು ದುಡ್ಡು ಕೊಟ್ಟು ಕೊಂಡ ತೊಂದರೆ.

ಇನ್ನು ಆಲ್ ಸೀಸನ್ ಎಂಬ ಮಾತು. ಇದು ಅಮೆರಿಕದಿಂದ ಬಂದದ್ದು. 1977ರಲ್ಲಿ ಗುಡ್‌ಇಯರ್ ಕಂಪನಿ ಟಿಯೆಂಪೊ ಎಂಬ ಟೈರನ್ನು ಅಲ್ಲಿನ ಮಾರುಕಟ್ಟೆಗೆ ತಂದಿತು. ಬೇಸಿಗೆಗೊಂದು, ಹಿಮಕ್ಕೊಂದು ಎಂದು ವರ್ಷಕ್ಕೆರಡು ಸಲ ಟೈರು ಬದಲಿಸುವ ಕಾಟ ತಪ್ಪಲಿ ಎಂಬುದು ಅದರ ಉದ್ದೇಶ. ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ರಬ್ಬರು ಬಿಗಿದುಕೊಳ್ಳುತ್ತದೆ. ಅದಕ್ಕಾಗಿ ರಬ್ಬರನ್ನು ಸ್ವಲ್ಪ ಮೆತುವಾಗಿ ಮಾಡಿ, ಸೀಳುಗಳನ್ನು ಹೆಚ್ಚಿಸಿದರು. ಟೈರಿನ ಪಕ್ಕದಲ್ಲಿ ಕಾಣುವ ಎಂ+ಎಸ್ ಗುರುತು ಕೆಸರು ಮತ್ತು ಹಿಮಕ್ಕೆ ಸಂಬಂಧಿಸಿದ್ದು. ಅದನ್ನು ಹಾಕಲು ಹಿಮದ ಪರೀಕ್ಷೆ ಪಾಸಾಗಬೇಕೆಂದಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹಳುಕು ಇರುವ ಚಿಹ್ನೆಗೆ ಮಾತ್ರ ಪರೀಕ್ಷೆ ಕಡ್ಡಾಯ. ಏಪ್ರಿಲ್‌ನಲ್ಲಿ ಡಾಂಬರು ಕಾದು ಅಂಟುವ ಜಗಳೂರಿನಲ್ಲಿ ಈ ಎರಡು ಗುರುತಿಗೂ ದುಡ್ಡು ಸುರಿಯುವ ಅಗತ್ಯವಿಲ್ಲ. ನಮಗೆ ಬೇಕಾದ ಪರೀಕ್ಷೆಗಳು ಎರಡೇ: ಬಿಸಿ ತಡೆಯುವುದು, ಮಳೆಯಲ್ಲಿ ನಿಲ್ಲಿಸುವುದು. ಕೆಲವು ಟೈರುಗಳ ಮೇಲೆ ಅಮೆರಿಕದ ಪದ್ಧತಿಯಂತೆ ಟ್ರ್ಯಾಕ್ಷನ್, ಟೆಂಪರೇಚರ್ ಎಂದು ಅಕ್ಷರಗಳನ್ನು ಅಚ್ಚು ಹಾಕಿರುತ್ತಾರೆ. ಬಿಸಿಗೆ ಎ ಇದ್ದರೆ ಒಳ್ಳೆಯದು, ಸಿ ಇದ್ದರೆ ನಮ್ಮ ಬೇಸಿಗೆಗೆ ನಾನು ಬೇಡ ಅನ್ನುತ್ತೇನೆ. ಪಕ್ಕದಲ್ಲೇ ಇರುವ ಟ್ರೆಡ್‌ವೇರ್ ಅಂಕಿಯನ್ನು ನೋಡಿ, 500 ಇದ್ದದ್ದು 400 ಇದ್ದದ್ದಕ್ಕಿಂತ ಇಂತಿಷ್ಟು ಕಿಲೋಮೀಟರ್ ಹೆಚ್ಚು ಬಾಳುತ್ತದೆ ಎಂದು ಲೆಕ್ಕ ಹಾಕಬೇಡಿ. ಆ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುತ್ತದೆ.

ಕಂಪನಿಗಳ ವಿಚಾರಕ್ಕೆ ಬರೋಣ. ಅಪೊಲೊ ಆಪ್ಟೆರಾ, ಎಂಆರ್‌ಎಫ್ ವಾಂಡರರ್, ಜೆಕೆ ರೇಂಜರ್, ಬ್ರಿಜ್‌ಸ್ಟೋನ್ ಡ್ಯೂಲರ್, ಯೊಕೊಹಾಮಾ ಜಿಯೋಲ್ಯಾಂಡರ್, ಗುಡ್‌ಇಯರ್ ರ‍್ಯಾಂಗ್ಲರ್ — ಇವು ಒಂದೊಂದು ಟೈರಿನ ಹೆಸರಲ್ಲ, ಒಂದೊಂದು ಮನೆತನದ ಹೆಸರು. ಒಂದೇ ಹೆಸರಿನಡಿ ಎಚ್‌ಟಿಯೂ ಇದೆ, ಎಟಿಯೂ ಇದೆ. ಅಂಗಡಿಗೆ ಹೋಗಿ ಬರೀ ಮನೆತನದ ಹೆಸರು ಹೇಳಿದರೆ ಯಾವುದು ಕೈಗೆ ಬರುತ್ತದೋ ಗೊತ್ತಿಲ್ಲ. ನನ್ನ ನೋಟದಲ್ಲಿ, ಒಂದೇ ಅಳತೆಯ ಎರಡು ಒಳ್ಳೆಯ ಕಂಪನಿಗಳ ಎಚ್‌ಟಿ ಟೈರುಗಳ ನಡುವಿನ ಅಂತರಕ್ಕಿಂತ, ಈ ವರ್ಷ ತಯಾರಾದ ಟೈರಿಗೂ ನಾಲ್ಕು ವರ್ಷ ಗೋದಾಮಿನಲ್ಲಿ ಕೊಳೆತ ಟೈರಿಗೂ ಇರುವ ಅಂತರ ದೊಡ್ಡದು. ಪಕ್ಕದ ಗೋಡೆಯ ಮೇಲೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 1424 ಎಂದಿದ್ದರೆ 2024ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಇದನ್ನು ಓದದೆ ದುಡ್ಡು ಎಣಿಸಬಾರದು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರಲ್ಲಿ ಹೊರಡಿಸಿದ ಅಧಿಸೂಚನೆ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೂ ಕಾರು, ಲಘು ಟ್ರಕ್ಕು, ಭಾರಿ ಟ್ರಕ್ಕು–ಬಸ್ಸಿನ ಟೈರುಗಳಿಗೆ ಮಾನದಂಡ ಹಾಕಿತು. ಇಂಧನ ದಕ್ಷತಾ ಬ್ಯೂರೊ ಫ್ರಿಜ್ಜಿಗೆ ಕೊಡುವಂತೆ ಟೈರಿಗೂ ನಕ್ಷತ್ರದ ಚೀಟಿ ತಂದಿದೆ. ಇವು ಒಳ್ಳೆಯ ಹೆಜ್ಜೆಗಳು. ಆದರೆ ನಕ್ಷತ್ರ ಹೇಳುವುದು ಮುಖ್ಯವಾಗಿ ಇಂಧನ ಉಳಿತಾಯವನ್ನು. ಮಳೆಯಲ್ಲಿ ಯಾವ ಟೈರು ಎಷ್ಟು ಮೀಟರ್ ಮೊದಲು ನಿಲ್ಲಿಸುತ್ತದೆ ಎಂಬುದನ್ನು ಗಿರಾಕಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಹೋಲಿಸಿ ನೋಡುವಂತಾಗಬೇಕು. ಪಾಸು–ಫೇಲಿನ ಮಾನದಂಡ ಕಳಪೆಯನ್ನು ಹೊರಗಿಡುತ್ತದೆ, ಒಳ್ಳೆಯದನ್ನು ತೋರಿಸಿಕೊಡುವುದಿಲ್ಲ. ಜೀವದ ವಿಷಯದಲ್ಲಿ ಅಷ್ಟು ಸಾಲದು.

ದಪ್ಪ ಟೈರಿನ ಹುಚ್ಚಿನ ಬಗ್ಗೆಯೂ ಒಂದು ಮಾತು. ಬೊಲೆರೊದ ಅಳತೆ 215/75 ಆರ್15. ನೋಟಕ್ಕೆ ಚೆಂದ ಎಂದು 235/75 ಹಾಕಿಸಿದರೆ ಚಕ್ರದ ಎತ್ತರ ಮೂರು ಸೆಂಟಿಮೀಟರ್ ಹೆಚ್ಚುತ್ತದೆ. ಆಗ ಮೀಟರು 80 ತೋರಿಸುವಾಗ ಗಾಡಿ 83ಕ್ಕೂ ಮೇಲೆ ಓಡುತ್ತಿರುತ್ತದೆ, ಏರಿನಲ್ಲಿ ಎಳೆತ ಕುಗ್ಗುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಉಜ್ಜುವ ಸಾಧ್ಯತೆಯೂ ಉಂಟು.

ನನ್ನನ್ನು ಹೆಚ್ಚು ಕಾಡುವುದು ಪಿಕಪ್‌ಗಳು. ಆಗಸ್ಟ್ ಕಳೆದು ಅಡಿಕೆ ಕೊಯ್ಲು ಶುರುವಾದರೆ ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಗಾಡಿಗಳು ತೋಟದಿಂದ ತೋಟಕ್ಕೆ ಓಡುತ್ತವೆ. ಹಸಿ ಅಡಿಕೆ ಎಷ್ಟು ತೂಗುತ್ತದೆಂದು ಹೊತ್ತವರಿಗೇ ಗೊತ್ತು. ಟಾಟಾ ಏಸ್‌ಗೆ ಕಂಪನಿ ಕೊಡುವುದು 145 ಆರ್12 ಎಲ್‌ಟಿ ಟೈರು, 8ಪಿಆರ್, ಅಂದರೆ ಎಂಟು ಪದರದ ಬಲದ್ದು. ಎಲ್‌ಟಿ ಎಂದರೆ ಲಘು ಟ್ರಕ್ಕಿನದು. ಪಕ್ಕದ ಗೋಡೆ ಗಟ್ಟಿ, ಹೆಚ್ಚಿನ ಗಾಳಿ ತಡೆಯುತ್ತದೆ, ಭಾರ ಹೊರುತ್ತದೆ. ಅದೇ ರಿಮ್ಮಿಗೆ ಕೂರುತ್ತದೆಂದು ಅಗ್ಗದ ಕಾರಿನ ಟೈರು ಹಾಕಿಸುವವರಿದ್ದಾರೆ. ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇದೆಯಲ್ಲ, ಅದೇ ಭಾರದ ಸೂಚ್ಯಂಕ: 86 ಇದ್ದರೆ ಒಂದು ಟೈರು 530 ಕಿಲೋ ಹೊರಬಲ್ಲದು, 100 ಇದ್ದರೆ 800, 104 ಇದ್ದರೆ 900. ಇದೂ ಗಾಳಿ ಸರಿಯಾಗಿದ್ದಾಗ ಮಾತ್ರ. ಗಾಳಿ ಕಡಿಮೆಯಿದ್ದು ಭಾರ ಹೆಚ್ಚಾದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುತ್ತದೆ, ಆ ತಿಕ್ಕಾಟದಲ್ಲಿ ಒಳಗೊಳಗೇ ಕಾಯುತ್ತದೆ, ಕೊನೆಗೆ ಹೆದ್ದಾರಿಯ ಮೇಲೆ ಒಡೆಯುತ್ತದೆ. ಆ ಗಾಡಿಯ ಹಿಂದೆ ಕೂಲಿಯವರು ಕೂತಿರುತ್ತಾರೆ ಎಂಬುದನ್ನು ಮಾಲೀಕರು ಮರೆಯಬಾರದು. 2024ರ ಬೇಸಿಗೆಯ ಬರದಲ್ಲಿ ತೋಟ ಉಳಿಸಿಕೊಳ್ಳಲು ಚನ್ನಗಿರಿ ತಾಲ್ಲೂಕಿನವರು ಟ್ಯಾಂಕರ್ ನೀರು ತರಿಸಿದರಲ್ಲ, ಅಂಥ ದಿನಗಳಲ್ಲಿ ಟೈರಿಗೆ ಭಾರವೂ ಬಿಸಿಲೂ ಒಟ್ಟಿಗೇ ಬೀಳುತ್ತವೆ.

ಭಾರದ ಗಾಡಿಯ ಸವೆದ ಟೈರಿಗೆ ಹೊಸ ರಬ್ಬರು ಹೊದಿಸುವುದನ್ನು, ಅಂದರೆ ರೀಸೋಲ್ ಮಾಡಿಸುವುದನ್ನು, ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ದೊಡ್ಡ ಲಾರಿ, ಬಸ್ಸುಗಳ ಹಿಂದಿನ ಚಕ್ರಕ್ಕೆ, ಒಳಗಿನ ಕವಚ ಗಟ್ಟಿಯಿದ್ದರೆ, ಅದು ಲೆಕ್ಕಾಚಾರದ ಕ್ರಮವೇ. ಪಿಕಪ್‌ನ, ಎಸ್‌ಯುವಿಯ ಮುಂದಿನ ಚಕ್ರಕ್ಕೆ ಮಾತ್ರ ಬೇಡವೇ ಬೇಡ. ಹಾಗೆಯೇ, ಎರಡೇ ಹೊಸ ಟೈರು ಕೊಂಡರೆ ಅವನ್ನು ಮುಂದಕ್ಕೆ ಹಾಕಿಸುವ ರೂಢಿ ನಮ್ಮಲ್ಲಿದೆ. ಹೊಸವು ಹಿಂದಿರಬೇಕು. ಮುಂದಿನ ಚಕ್ರ ಜಾರಿದರೆ ಕಾಲು ತೆಗೆದು ಸುಧಾರಿಸಿಕೊಳ್ಳಬಹುದು. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆದರೆ ಪಳಗಿದ ಡ್ರೈವರ್‌ಗೂ ಕೈ ಸಾಗದು. ಕಾಲುವೆಯ ತಳದಲ್ಲಿರುವ ಸಣ್ಣ ದಿಬ್ಬಕ್ಕೆ ಸಮನಾಗಿ ಟೈರು ಸವೆದರೆ 1.6 ಮಿಲಿಮೀಟರ್ ಉಳಿದಿದೆ ಎಂದರ್ಥ, ಕಾನೂನಿನ ಗಡಿ ಅದು. ಮಲೆನಾಡಿನ ಮಳೆ ತಗುಲುವ ಉಬ್ರಾಣಿಯಂಥ ಕಡೆ 3 ಮಿಲಿಮೀಟರ್‌ಗೇ ಬದಲಿಸುವುದು ಕ್ಷೇಮ.

ನಮ್ಮ ರಾಜ್ಯಕ್ಕೆ ಟೈರು ಹೊಸದಲ್ಲ. ಮೈಸೂರಿನ ವಿಕ್ರಾಂತ್ ಟೈರ್ಸ್‌ನ ಹೆಸರು ಹಳೆಯ ಲಾರಿ ಡ್ರೈವರ್‌ಗಳ ನಾಲಿಗೆಯ ಮೇಲೆ ಇನ್ನೂ ಇದೆ. 1997ರಲ್ಲಿ ಅದು ಜೆಕೆ ಸಂಸ್ಥೆಯ ತೆಕ್ಕೆಗೆ ಹೋಯಿತು. ಟೈರು ಇಲ್ಲೇ ತಯಾರಾಗುತ್ತಿದ್ದರೂ ಅದರ ಮೇಲಿನ ಬರಹವನ್ನು ಓದುವುದು ಹೇಗೆಂದು ಕನ್ನಡದಲ್ಲಿ ಹೇಳುವ ಒಂದು ಹಾಳೆ ಅಂಗಡಿಗಳಲ್ಲಿ ನನಗೆ ಕಂಡಿಲ್ಲ.

ಜಗಳೂರಿನವರಿಗೆ ನನ್ನ ಸಲಹೆ ತುಸು ಬೇರೆ. ಅಲ್ಲಿ ಶತ್ರು ಕೆಸರಲ್ಲ, ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗುವುದಿಲ್ಲ, ನೆಲ ತುಳಿಯುವ ಭಾಗದಲ್ಲಾದರೆ ಪಂಕ್ಚರ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಪಕ್ಕದ ಗೋಡೆಗೆ ಹೊಕ್ಕರೆ ಮಾತ್ರ ಅದನ್ನು ಮುಚ್ಚಿಸಿ ಓಡಿಸಬಾರದು, ಟೈರನ್ನೇ ಬದಲಿಸಬೇಕು. 2020ರ ನಿಯಮ ತಿದ್ದುಪಡಿಯಂತೆ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ನಗರಕ್ಕೆ ಅದು ಸರಿಹೋಗಬಹುದು. ಹೊಲದ ದಾರಿ ಹಿಡಿಯುವವರು ಸ್ಟೆಪ್ನಿ ಇಲ್ಲದ ಗಾಡಿ ಕೊಳ್ಳಬೇಡಿ. ಇದ್ದವರು ಅದನ್ನೂ ಇಳಿಸಿ ನೋಡಿ: ಗಾಡಿಯ ಅಡಿಯಲ್ಲಿ ವರ್ಷಗಟ್ಟಲೆ ಧೂಳು ತಿಂದು ನೇತಾಡುವ ಆ ಐದನೇ ಟೈರಿಗೂ ತಯಾರಿಕೆಯ ನಾಲ್ಕಂಕಿ ಇರುತ್ತದೆ, ಅದರ ರಬ್ಬರೂ ಬಿರುಕು ಬಿಡುತ್ತದೆ, ಅದಕ್ಕೂ ತಿಂಗಳಿಗೊಮ್ಮೆ ಗಾಳಿ ನೋಡಿಸಬೇಕು.