ಪೇಟಿ ಎಲ್ಲಿ ನಿಲ್ಲಬೇಕು

ಬೆಳಗಾವಿ, ಖಾನಾಪುರದ ಕಡೆ ಮನೆಯಲ್ಲೇ ಕೂತು ಮುದ್ರಿಸಿದ ಭಜನಾಪದ, ತತ್ವಪದಗಳನ್ನು ಕೇಳುವಾಗ ಹಾಡುವವರ ದನಿಗೆ ಮನಸ್ಸು ಸೋಲುತ್ತದೆ. ವಾದ್ಯ ಕೂಡಿಸಿದ ರೀತಿಗೆ ಬೇಸರವಾಗುತ್ತದೆ. ಮೈಕು ಅಗ್ಗದ್ದು, ಮೊಬೈಲು ಹಳೆಯದು ಎಂಬ ಸಬೂಬು ನನಗೆ ಒಪ್ಪಿಗೆಯಿಲ್ಲ. ಯಾವ ವಾದ್ಯ ಯಾವಾಗ ಸುಮ್ಮನಿರಬೇಕೆಂದು ಮಿಕ್ಸಿಂಗಿಗೆ ಕೂರುವ ಮೊದಲೇ ಗೊತ್ತುಮಾಡಿಕೊಳ್ಳುವುದಿಲ್ಲ, ಕೊರತೆಯಿರುವುದು ಅಲ್ಲಿ.

ಪೇಟಿಯನ್ನೇ, ಅಂದರೆ ಹಾರ್ಮೋನಿಯಂ ಅನ್ನೇ ನೋಡಿ. ಭಜನೆಯಲ್ಲಿ ಪೇಟಿಯವರು ಹಾಡಿನ ಪ್ರತಿ ಸ್ವರವನ್ನೂ ಜೊತೆಜೊತೆಗೇ ನುಡಿಸುತ್ತಾರೆ. ಗುಡಿಯಲ್ಲಿ ಅದು ಬೇಕೇ ಬೇಕು, ಹತ್ತು ಮಂದಿಯ ಕೊರಳಿಗೆ ಅದೇ ಆಸರೆ. ಸಣ್ಣ ಕೋಣೆಯಲ್ಲಿ ಒಬ್ಬರೇ ಹಾಡುವಾಗ ಅದೇ ರೂಢಿ ದನಿಯನ್ನು ನುಂಗುತ್ತದೆ. ಹಾಡುವ ದನಿ, ಪೇಟಿಯ ಮಧ್ಯಸಪ್ತಕ, ಗಿಟಾರಿನ ಮೈತುಂಬಿದ ನಾದ, ಮೂರೂ 200ರಿಂದ 500 ಹರ್ಟ್ಸ್ ನಡುವೆ ಒತ್ತೊತ್ತಾಗಿ ಸೇರುತ್ತವೆ. ಮಾತು ಕೇಳಿಸುತ್ತಿಲ್ಲವೆಂದು ದನಿ ಏರಿಸುತ್ತಾರೆ, ತಬಲಾದ ಡಗ್ಗಾ ಅಡಗಿತೆಂದು ಅದನ್ನೂ ಏರಿಸುತ್ತಾರೆ. ಕೊನೆಗೆ ಉಳಿಯುವುದು ಒಂದೇ ಮಟ್ಟದ ಗದ್ದಲ. ಈಕ್ವಲೈಸರಿನಲ್ಲಿ ಪೇಟಿಯ ಕೆಳಭಾಗ ತಗ್ಗಿಸಿದರೆ ಒಂದಿಷ್ಟು ಹಗುರಾಗುತ್ತದೆ, ನಿಜ. ಆದರೆ ಸೊಲ್ಲು ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವಲ್ಲಿ ಮಾತ್ರ ಪೇಟಿ ಬಂದರೆ ಆ ರಿಪೇರಿಯೇ ಬೇಕಾಗುವುದಿಲ್ಲ.

ಶ್ರುತಿಯ ಮಾತೂ ಇದೆ. ಚೆನ್ನಾಗಿ ಕೂಡಿಸಿದ ತಂಬೂರಿಯ ಷಡ್ಜದಿಂದ ಗಾಂಧಾರ ತಾನಾಗಿ ಹೊಮ್ಮುತ್ತದೆ. ಕೀಬೋರ್ಡಿನಂತೆ ಸಮಪಾಲಿನಲ್ಲಿ ಶ್ರುತಿ ಮಾಡಿದ ಪೇಟಿಯ ಶುದ್ಧ ಗಾಂಧಾರ ಅದಕ್ಕಿಂತ ತುಸು ಮೇಲೆ. ಪೇಟಿಯ ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು. ಎರಡನ್ನೂ ಮುಂದೆ ತಂದರೆ ಹಾಡು ಗಾಂಧಾರದ ಮೇಲೆ ನಿಂತಾಗಲೆಲ್ಲ ಕಿವಿಗೆ ಕಿರಿಕಿರಿ. ನಾನಾದರೆ ಪೇಟಿಯನ್ನೇ ಹಿಂದೆ ಸರಿಸುತ್ತೇನೆ. ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ನಿರ್ಗುಣ ಭಜನೆಗಳನ್ನು ಒಮ್ಮೆ ಕೇಳಿ: ತಂಬೂರಿಯ ನಾದವೇ ಅಲ್ಲಿ ನೆಲ, ಮಿಕ್ಕದ್ದೆಲ್ಲ ಮಿತ. ನಮ್ಮ ಮಣ್ಣಿನವರೇ ತೋರಿಸಿಕೊಟ್ಟದ್ದನ್ನು ನಾವು ಕೈಬಿಟ್ಟಿದ್ದೇವೆಂಬುದು ನನಗೆ ನೋವಿನ ಸಂಗತಿ.

ಖಾನಾಪುರದ ಮಳೆಗಾಲದ್ದು ಬೇರೆಯೇ ಕಾಟ. ಮೊಬೈಲು ತನ್ನಷ್ಟಕ್ಕೆ ದನಿಯ ಮಟ್ಟ ಹೊಂದಿಸುವುದರಿಂದ ಹಾಡು ನಿಂತ ಕೂಡಲೇ ಹಂಚಿನ ಮೇಲಿನ ಮಳೆ ಎದ್ದು ಬರುತ್ತದೆ, ಹಾಡು ಶುರುವಾದರೆ ಕುಗ್ಗುತ್ತದೆ. ಅದನ್ನು ಮುಚ್ಚಲು ರಿವರ್ಬ್ ಸುರಿದರೆ ಮಳೆಯೂ ಮೊಳಗುತ್ತದೆ. ಮಟ್ಟ ಹೊಂದಿಸುವ ಆ ಸೌಲಭ್ಯವನ್ನು ಮೊದಲೇ ಬಂದ್ ಮಾಡಿ, ಗೋಡೆಗೆ ಕೌದಿ ತೂಗುಹಾಕುವುದು ಮೇಲು. ಥಂಡಿಗೆ ತಬಲಾದ ಚರ್ಮವೂ ಇಳಿಯುತ್ತದೆ. ಇವತ್ತು ತಬಲಾ, ನಾಳೆ ದನಿ ಎಂದು ಬಿಡಿಬಿಡಿಯಾಗಿ ಮುದ್ರಿಸುವವರು ಪ್ರತಿ ಸಲವೂ ಅದೇ ತಂಬೂರಿಗೆ ಶ್ರುತಿ ನೋಡಿಕೊಳ್ಳದಿದ್ದರೆ ಆಮೇಲೆ ಯಾವ ಆ್ಯಪ್‌ನಿಂದಲೂ ಪೂರ್ತಿ ಸರಿಹೋಗದು.

ನನಗೆ ಮೆಚ್ಚುಗೆಯಾದ ಮುದ್ರಣಗಳೆಲ್ಲ ಎಲ್ಲರೂ ಒಂದೇ ಮೈಕಿನ ಸುತ್ತ ಕೂತು ಹಾಡಿದವು. ಹಾಡುವವರು ಮೈಕಿಗೆ ಗೇಣುದ್ದ, ತಬಲಾ ಮಾರುದ್ದ, ಪೇಟಿ ಅದರಾಚೆ. ತಾಳದವರು ಹೊಸ್ತಿಲ ಹೊರಗೆ ಪಡಸಾಲೆಯಲ್ಲಿ. ಅಲ್ಲಿಂದಲೂ ತಾಳ ಖಣಿಲ್ಲನೆ ಕೇಳುತ್ತದೆ, ಪದದ ಒಂದಕ್ಷರವೂ ಅಳಿಸಿಹೋಗುವುದಿಲ್ಲ.